ಪಕ್ಕದ ಸೀಟು

ಇಪ್ಪತ್ತಾರು ವರ್ಷ ಇನ್ನೊಬ್ಬರ ಲಾರಿ ಓಡಿಸಿದವನಿಗೆ ತನ್ನದೇ ಗಾಡಿಯ ಸ್ಟೇರಿಂಗ್ ಹಿಡಿಯುವ ಯೋಗ ಇದ್ದದ್ದು ಬರೀ ಹತ್ತೊಂಬತ್ತು ದಿನ.

ಅವನನ್ನು ಎಲ್ಲರೂ ಗಡಿಯಾರ ಅಂತಲೇ ಕರೆಯುತ್ತಿದ್ದರು. ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಗಾಡಿ ತಂದು ನಿಲ್ಲಿಸುತ್ತಾನೆ ಎಂದು ಸಾಗಣೆ ಕಂಪನಿಯಲ್ಲಿ ಯಾರೋ ಇಟ್ಟ ಹೆಸರು ಅದು. ಅದೇ ಕಂಪನಿಯ ಆಫೀಸಿನಲ್ಲಿ ಯಾವ ಲೋಡು ಯಾವ ಡ್ರೈವರಿಗೆ ಎಂದು ಹಂಚುತ್ತಿದ್ದವಳು ಅವನ ಹೆಂಡತಿ. ಮದುವೆಗೆ ಮುಂಚೆ ಅವಳು ಕಿಟಕಿಯಿಂದ ಚೀಟಿ ಕೊಟ್ಟರೆ, ಇವನು ಬೇಕಂತಲೇ ಅದರಲ್ಲಿ ತಪ್ಪು ಹುಡುಕಿ ಇನ್ನೊಮ್ಮೆ ಸಾಲಿನಲ್ಲಿ ನಿಲ್ಲುತ್ತಿದ್ದ. "ನಿಮಗೆ ಓದೋಕೆ ಬರಲ್ವಾ?" ಎಂದು ಅವಳು ಗದರಿಸಿದ್ದೇ ಇಬ್ಬರ ಮಾತಿಗೆ ಶುರು.

ಇಬ್ಬರೂ ಒಂದೇ ದಿನ ಕೆಲಸ ಬಿಟ್ಟರು. ಕೂಡಿಟ್ಟದ್ದನ್ನೆಲ್ಲ ಸುರಿದು ಒಂದು ಪಿಕಪ್ ಗಾಡಿ, ಅದರ ಹಿಂದೆ ಕಟ್ಟಲು ಒಂದು ತೆರೆದ ಟ್ರೇಲರ್ ತಂದರು. ಅವರು ಹಿಡಿದದ್ದು ಅವಸರದ ಸಾಮಾನಿನ ಕೆಲಸ. ಎಲ್ಲೋ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟು ಕೂತಿರುತ್ತದೆ, ಬಿಡಿಭಾಗ ಇವತ್ತೇ ಬೇಕು, ದೊಡ್ಡ ಲಾರಿ ತುಂಬುವ ತನಕ ಕಾಯುವ ಹಾಗಿಲ್ಲ. ಅಂಥವರು ಫೋನ್ ಮಾಡಿದ ಗಳಿಗೆಗೇ ಹೊರಡಬೇಕು. ಅವಳು ಅಡುಗೆಮನೆಯ ಮೇಜಿನ ಮೇಲೆ ಫೋನು, ನಕ್ಷೆ ಹರವಿಕೊಂಡು ಲೋಡು ಹಿಡಿಯುವುದು, ಇವನು ಓಡಿಸುವುದು ಎಂದು ಮಾತಾಗಿತ್ತು. ಹತ್ತೊಂಬತ್ತು ದಿನದಲ್ಲಿ ಹನ್ನೊಂದು ಲೋಡು ಆಯಿತು. ಇವನು ಕನ್ನಡಿ ಮುಂದೆ ತಲೆ ಬಾಚುವಾಗ ಶಿಳ್ಳೆ ಹೊಡೆಯತೊಡಗಿದ್ದ.

ಇಪ್ಪತ್ತನೆಯ ದಿನ ಬೆಳಿಗ್ಗೆ ಚಹಾ ಕುಡಿದ ಲೋಟ ತೊಳೆಯಲು ಹೋದವನು ಅಲ್ಲೇ ಬಿದ್ದ. ಎಚ್ಚರವಾದಾಗ ತಲೆ ಹೆಂಡತಿಯ ತೊಡೆಯ ಮೇಲಿತ್ತು. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತದ ರುಚಿ.

"ಗಾಡಿ ಆಫ್ ಮಾಡಿದ್ನಾ?" ಎಂದು ಕೇಳಿದ.

"ಗಾಡಿ ಇನ್ನೂ ಶೆಡ್ಡಲ್ಲೇ ಇದೆ ರೀ," ಎಂದು ಅವಳು ಅವನ ಬಾಯಿ ಒರೆಸಿದಳು.

ವಾರಗಟ್ಟಲೆ ಪರೀಕ್ಷೆಗಳಾದವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮೂರ್ಛೆ ರೋಗ, ಮಾತ್ರೆ ತಪ್ಪಿಸಬಾರದು, ಇನ್ನು ಮೇಲೆ ಸ್ಟೇರಿಂಗ್ ಮುಟ್ಟುವ ಹಾಗಿಲ್ಲ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಡಾಕ್ಟ್ರೇ, ನಾನು ನಿಧಾನಕ್ಕೆ ಓಡಿಸ್ತೀನಿ," ಎಂದ ಗಡಿಯಾರ.

ಡಾಕ್ಟರಮ್ಮ ಅವನ ಹೆಂಡತಿಯ ಮುಖ ನೋಡಿದಳು. ಹೆಂಡತಿ ಗೋಡೆ ನೋಡಿದಳು. ಅಷ್ಟರಲ್ಲೇ ಅವನಿಗೆ ಅರ್ಥವಾಯಿತು.

ಹೆಂಡತಿಯ ಅಣ್ಣ ಬಂದು ಕೂತು, ಗಾಡಿ ಮಾರಿಬಿಡಿ ಎಂದ. ನಿಂತ ಗಾಡಿ ತುಕ್ಕು ಹಿಡಿಯುತ್ತೆ, ನೋಡ್ತಾ ನೋಡ್ತಾ ಮನುಷ್ಯನೂ ಕೊರಗ್ತಾನೆ ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಮಾರಲ್ಲ. ನಾನು ಓಡಿಸ್ತೀನಿ," ಎಂದಳು ಅವಳು.

"ನೀನಾ? ಸ್ಕೂಟರಿಗೆ ಸ್ಟ್ಯಾಂಡ್ ಹಾಕೋಕೆ ನಿನಗೆ ಇಬ್ಬರು ಬೇಕು!" ಅಣ್ಣ ಹೊಟ್ಟೆ ಹಿಡಿದು ನಕ್ಕ. ಗಡಿಯಾರನಿಗೂ ನಗು ತಡೆಯಲಿಲ್ಲ. ಕಾಯಿಲೆ ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಅವಳು ಮಾತ್ರ ನಗಲಿಲ್ಲ. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆ ಹೊತ್ತಿನಲ್ಲಿ ನಗಬಾರದಿತ್ತು ಎಂದು ಅವನಿಗೆ ಅನ್ನಿಸಿದ್ದು ಎಷ್ಟೋ ದಿನಗಳ ಮೇಲೆ.

ಎಂಟು ತಿಂಗಳು ಹಿಡಿಯಿತು. ಹಳೇ ಗೋದಾಮಿನ ಹಿಂದಿನ ಬಯಲಿನಲ್ಲಿ ಖಾಲಿ ಡ್ರಮ್ಮುಗಳನ್ನಿಟ್ಟು ಅವನು ಹೆಂಡತಿಗೆ ಕಲಿಸಿದ. ಟ್ರೇಲರ್ ಕಟ್ಟಿದ ಗಾಡಿಯನ್ನು ಹಿಂದಕ್ಕೆ ತೆಗೆಯುವುದು ಹುಡುಗಾಟವಲ್ಲ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕು. ಅವಳು ಡ್ರಮ್ಮುಗಳನ್ನೆಲ್ಲ ಉರುಳಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿ ಅಳುತ್ತಿದ್ದಳು. "ಅಳು ಕಣೇ, ಅತ್ತು ಮುಗಿಸಿ ಮತ್ತೆ ತೆಗಿ," ಎಂದು ಇವನು ಡ್ರಮ್ಮು ಎತ್ತಿ ನಿಲ್ಲಿಸುತ್ತಿದ್ದ. ಕೊನೆಗೆ ಲೈಸೆನ್ಸ್ ಕೈಗೆ ಬಂದ ದಿನ ಅವಳು ಅದನ್ನು ಮೊದಲು ಅವನ ಕೈಗೇ ಕೊಟ್ಟಳು. ಅವನು ಫೋಟೋ ನೋಡಿ, "ಕಳ್ಳಿ ತರ ಬಂದಿದ್ದೀಯ," ಎಂದು ತಮಾಷೆ ಮಾಡಿದ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತ. ಅವಳಿಗೆ ಲೈಸೆನ್ಸ್ ಕೊಟ್ಟ ಕಚೇರಿಯವರೇ ಅವನದನ್ನು ವಾಪಸು ತೆಗೆದುಕೊಂಡಿದ್ದರು.

ಅವಳ ಮೊದಲ ಲೋಡು ಒಂದು ಪಂಪಿನ ಮೋಟಾರು. ದೂರದ ಊರೊಂದರ ನೀರು ಸರಬರಾಜು ನಿಂತು ಎರಡು ದಿನವಾಗಿತ್ತು, ಸಂಜೆ ನಾಲ್ಕರೊಳಗೆ ಮುಟ್ಟಬೇಕು. ಬೆಳಿಗ್ಗೆ ಎಂಟಕ್ಕೆ ಹೊರಟರು. ಗಡಿಯಾರ ಪಕ್ಕದ ಸೀಟಿನಲ್ಲಿ ಕೂತಿದ್ದ. ಬೆನ್ನಿಗೊಂದು ದಿಂಬು, ಮಾತ್ರೆಯ ಡಬ್ಬಿ, ಹೊದೆಯುವ ಶಾಲು ಎಲ್ಲವನ್ನೂ ಅವಳೇ ಜೋಡಿಸಿಟ್ಟಿದ್ದಳು. ಗಾಡಿ ಹೆದ್ದಾರಿಗೆ ಬಿದ್ದದ್ದೇ ತಡ, ಇವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತತೊಡಗಿತು.

"ಗೇರ್ ಇಳಿಸು. ಮುಂದೆ ಬಸ್ಸಿದೆ, ನೋಡು. ಅಷ್ಟು ಹತ್ತಿರ ಹೋಗ್ಬೇಡ."

"ನೋಡಿದೆ."

"ಕನ್ನಡಿ ನೋಡು."

ಅವಳು ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದಳು. "ರೀ, ಓಡಿಸೋದು ನಾನಾ, ನೀವಾ?"

ಆಡಿದ ಮೇಲೆ ಅವಳಿಗೂ ಆ ಮಾತಿನ ಮೊನೆ ಚುಚ್ಚಿತು. ಮತ್ತೆ ಗಾಡಿ ಹೊರಡಿಸಿದಳು. ಆಮೇಲೆ ಅವನು ದಾರಿಯುದ್ದಕ್ಕೂ ಕಿಟಕಿಯ ಆಚೆ ನೋಡುತ್ತ ಕೂತ. ಇಪ್ಪತ್ತಾರು ವರ್ಷ ಓಡಾಡಿದ ರಸ್ತೆಯಲ್ಲಿ ಇಷ್ಟೊಂದು ಮನೆಗಳಿವೆ, ಅಂಗಳದಲ್ಲಿ ಬಟ್ಟೆ ಒಣಗುತ್ತಿರುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಮೂರೂ ಮುಕ್ಕಾಲಿಗೆ ಪಂಪ್‌ಹೌಸಿನ ಗೇಟಿನೊಳಗೆ ಹೊಕ್ಕರು. ಮೇಸ್ತ್ರಿ ಓಡಿಬಂದು, ಕೆಳಗಿಳಿದು ನಿಂತಿದ್ದ ಗಡಿಯಾರನ ಕೈ ಹಿಡಿದು ಕುಲುಕಿದ. "ನೀರು ತಂದಂಗಾಯ್ತು ಡ್ರೈವರಣ್ಣ! ಸ್ವಲ್ಪ ಬ್ಯಾಕ್ ತಗೊಳ್ಳಿ."

ಗಡಿಯಾರ ಕೈ ಬಿಡಿಸಿಕೊಂಡ. "ಡ್ರೈವರ್ ನಾನಲ್ಲಪ್ಪ, ಅವರು," ಎಂದು ಸ್ಟೇರಿಂಗಿನ ಕಡೆ ಕೈ ತೋರಿಸಿದ. ಹೆಂಡತಿಯನ್ನು ಅವನು 'ಅವರು' ಎಂದದ್ದು ಜೀವಮಾನದಲ್ಲಿ ಅದೇ ಮೊದಲು. ಅವಳು ಎರಡೇ ಸಲಕ್ಕೆ ಟ್ರೇಲರನ್ನು ಕ್ರೇನಿನ ಕೆಳಗೆ ತಂದು ನಿಲ್ಲಿಸಿದಳು. ಅವನು ಮೋಟಾರಿಗೆ ಬಿಗಿದಿದ್ದ ಬೆಲ್ಟುಗಳನ್ನು ಬಿಚ್ಚಿದ. ಮೋಟಾರು ಮೇಲೆದ್ದು ಒಳಗೆ ಹೋಯಿತು. ರಸೀದಿಗೆ ಅವಳು ಸಹಿ ಹಾಕಿಸಿಕೊಳ್ಳುವಾಗ ಅವನಿಗೆ ಹೆಮ್ಮೆಯಾಯಿತು. ಸುಳ್ಳಲ್ಲ, ಎದೆ ತುಂಬಿ ಬರುವಷ್ಟು ಹೆಮ್ಮೆಯೇ. ಅದರ ಜೊತೆಗೇ ಇನ್ನೇನೋ ಬಂತು, ಅದನ್ನು ಅವನು ಯಾರ ಹತ್ತಿರವೂ ಹೇಳಲಿಲ್ಲ.

ವಾಪಸು ಬರುವಾಗ ಅವಳು ಖುಷಿಯಿಂದ ಒಂದೇ ಸಮನೆ ಮಾತಾಡುತ್ತಿದ್ದಳು. "ಎರಡೇ ಸಲಕ್ಕೆ ರೀ! ಮೇಸ್ತ್ರಿ ಮುಖ ನೋಡಿದ್ರಾ?" ಎಂದದ್ದು ಅವನಿಗೆ ನೆನಪಿದೆ. ಅಲ್ಲಿಂದ ಮುಂದೆ ಏನೂ ನೆನಪಿಲ್ಲ.

ಕಣ್ಣು ಬಿಟ್ಟಾಗ ಗಾಡಿ ರಸ್ತೆ ಬಿಟ್ಟು ಪೊದೆಗಳಿಗೆ ಮೂತಿ ತೂರಿಸಿಕೊಂಡು ನಿಂತಿತ್ತು. ಬಿಸಿಲು ಇನ್ನೂ ಇತ್ತು. ಅವಳು ಇವನ ಕಡೆಯ ಬಾಗಿಲು ತೆಗೆದು, ಇವನನ್ನು ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡಿದ್ದಳು.

"ಏನಾಯ್ತು?"

"ಏನೂ ಆಗಿಲ್ಲ. ನಿಧಾನ ಉಸಿರಾಡಿ."

"ಗಾಡಿ ಯಾಕೆ ಇಲ್ಲಿದೆ?"

"ನಾನೇ ನಿಲ್ಲಿಸಿದೆ."

ಆದರೆ ಅವಳ ಎಡ ಮಣಿಕಟ್ಟು ಊದಿಕೊಂಡಿತ್ತು. ಅದರ ಮೇಲೆ ಬೆರಳಿನ ಗುರುತುಗಳು ಕೆಂಪಗೆ ಮೂಡಿದ್ದವು. ಮೂರ್ಛೆಯಲ್ಲಿ ಸೆಟೆದ ತನ್ನ ಕೈ ಅವಳ ಕೈಯನ್ನೂ ಸ್ಟೇರಿಂಗನ್ನೂ ಒಟ್ಟಿಗೇ ಹಿಡಿದು ಎಳೆದಿರಬೇಕು. ಎದುರಿನಿಂದ ಲಾರಿ ಬಂದಿತ್ತೋ, ಬಸ್ಸು ಬಂದಿತ್ತೋ, ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮನೆ ಮುಟ್ಟುವವರೆಗೂ ಅವನು ತನ್ನೆರಡು ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದ.

ಇನ್ನು ಜೊತೆಗೆ ಬರಬೇಡಿ ಎಂದು ಅವಳು ಹೇಳಲಿ ಅಂತ ಅವನು ಕಾದ. ಇನ್ನು ನಾನು ಬರಲ್ಲ ಎಂದು ಅವನು ಹೇಳಲಿ ಅಂತ ಅವಳು ಕಾದಳೋ ಏನೋ. ಎರಡು ದಿನ ಇಬ್ಬರೂ ಬೇರೆ ಏನೇನೋ ಮಾತಾಡಿದರು. ಮೂರನೆಯ ದಿನ ಬೆಳಿಗ್ಗೆ ಮುಂದಿನ ಲೋಡಿಗೆ ಗಾಡಿ ಅಣಿಯಾಗುವ ಹೊತ್ತಿಗೆ ಅವನೇ ಹೋಗಿ ಪಕ್ಕದ ಸೀಟಿನಿಂದ ದಿಂಬು, ಶಾಲು, ಮಾತ್ರೆಯ ಡಬ್ಬಿ ಎತ್ತಿಕೊಂಡು ಬಂದ. ಅವಳು ಬಾಗಿಲಲ್ಲಿ ನಿಂತಿದ್ದಳು. 'ಯಾಕ್ರೀ, ಇರಲಿ ಬಿಡಿ,' ಎಂದು ಒಂದೇ ಒಂದು ಮಾತು ಅವಳ ಬಾಯಿಂದ ಬರಬಹುದು ಎಂದು ಅವನಿಗೆ ಆಸೆಯಿತ್ತು. ಬಂದರೂ ತಾನು ಕೇಳುವವನಲ್ಲ ಎಂಬುದೂ ಗೊತ್ತಿತ್ತು. ಅವಳು ತುಟಿ ಕಚ್ಚಿಕೊಂಡು ದಾರಿ ಬಿಟ್ಟಳು, ಅಷ್ಟೇ.

ಹೀಗೆ ಫೋನಿನ ಕೆಲಸ ಅವನ ಪಾಲಿಗೆ ಬಂತು. ಗಾಡಿಯ ಸದ್ದು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಅವನು ಅಡುಗೆಮನೆಯ ಮೇಜಿನ ಮುಂದೆ ಕೂರುತ್ತಿದ್ದ. ಡ್ರೈವರುಗಳ ಕಷ್ಟ ಗೊತ್ತಿದ್ದವನಾದ್ದರಿಂದ ಲೋಡು ಚೆನ್ನಾಗಿಯೇ ಹಿಡಿಯುತ್ತಿದ್ದ. ಇಂಥ ಸೇತುವೆ ಕಿರಿದು, ಇಂಥ ಗೋದಾಮಿನವರು ಗಂಟೆಗಟ್ಟಲೆ ಕಾಯಿಸುತ್ತಾರೆ ಎಂದೆಲ್ಲ ಅವಳಿಗೆ ಬರೆದುಕೊಡುತ್ತಿದ್ದ. ಕೆಲಸ ಕೈಹಿಡಿಯಿತು. ವಾರಕ್ಕೆ ಎರಡಿದ್ದ ಲೋಡು ಐದಾಯಿತು.

ಒಂದು ದಿನ ಅವಳು ಕಾಗದದ ಕಾರ್ಖಾನೆಗೆ ಬೇರಿಂಗ್ ಹೊತ್ತು ಹೋಗಿದ್ದಳು. ಒಂದು ಗಂಟೆಗೆ ಮುಟ್ಟಬೇಕು, ಮುಟ್ಟಿದ ಮೇಲೆ ಫೋನ್ ಮಾಡಬೇಕು. ಎರಡಾದರೂ ಫೋನಿಲ್ಲ. ಇವನು ಮಾಡಿದರೆ ಎತ್ತುವವರಿಲ್ಲ. ಅನ್ನ ತಟ್ಟೆಯಲ್ಲೇ ಆರಿತು. ಮೂರು ಹೊಡೆಯಿತು. ಅವನು ಬಾಗಿಲಿಗೂ ಮೇಜಿಗೂ ಓಡಾಡಿದ, ಪೊದೆಗಳಲ್ಲಿ ಮೂತಿ ತೂರಿಸಿ ನಿಂತ ಗಾಡಿ ಕಣ್ಣಿಗೆ ಕಟ್ಟಿತು. ನಾಲ್ಕೂವರೆಗೆ ಗಾಡಿ ಶೆಡ್ಡಿಗೆ ಬಂತು. ಅವಳು ಒಳಗೆ ಬಂದು, ಅವನ ಮುಖ ನೋಡಿದ ಮೇಲಷ್ಟೇ ಹಣೆ ಚಚ್ಚಿಕೊಂಡಳು.

"ಅಯ್ಯೋ, ಫೋನ್ ಮಾಡೋದೇ ಮರೆತೆ ರೀ. ಗಾಡಿ ಸದ್ದಲ್ಲಿ ನಿಮ್ಮ ಫೋನೂ ಕೇಳಿಸಲಿಲ್ಲ. ಕೆಲಸದ ಗಡಿಬಿಡಿ ನೋಡಿ."

ಅವನಿಗೆ ರೇಗಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇದೇ ಮಾತನ್ನು, ಇದೇ ಧಾಟಿಯಲ್ಲಿ, ತಾನು ಇದೇ ಬಾಗಿಲಲ್ಲಿ ನಿಂತು ಎಷ್ಟು ಸಲ ಹೇಳಿದ್ದೆ ಎಂದು ಎಣಿಸಲು ಹೋದ. ಲೆಕ್ಕ ಸಿಗಲಿಲ್ಲ. ಒಮ್ಮೆಯಾದರೂ ಅವಳು ರೇಗಿದ್ದು ನೆನಪಾಗಲಿಲ್ಲ. ಆಗೆಲ್ಲ ಅವಳು ಎಷ್ಟು ಹೊತ್ತು ಹೀಗೆ ಓಡಾಡಿದ್ದಳೋ ಎಂದು ಇವನು ಕೇಳಿದ್ದೂ ಇಲ್ಲ.

"ನನಗೂ ಹಾಗೇ ಮರೆತುಹೋಗ್ತಿತ್ತು, ಅಲ್ವಾ?" ಎಂದ.

ಅವಳು ಅವನನ್ನು ದಿಟ್ಟಿಸಿ ನೋಡಿದಳು. "ಈಗ ಯಾಕೆ ಆ ಮಾತು? ಉಂಡ್ರಾ?" ಎಂದಳು.

"ಇಲ್ಲ."

"ನಾನೂ ಇಲ್ಲ," ಎಂದು ಕುರ್ಚಿಯಲ್ಲಿ ಕುಸಿದು, ಊದಿದ ಪಾದಗಳನ್ನು ಚಪ್ಪಲಿಯಿಂದ ಬಿಡಿಸಿಕೊಂಡಳು. ಅವನು ಸಾರು ಬಿಸಿಗಿಟ್ಟ. ಅದು ಕುದಿಯುವಷ್ಟರಲ್ಲಿ ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು. ಅವನು ಒಲೆ ಆರಿಸಿ, ಫೋನ್ ಬಂದು ಅವಳಿಗೆ ಎಚ್ಚರವಾಗದಿರಲಿ ಎಂದು ಸದ್ದಾಗದಂತೆ ಅದನ್ನು ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತ.