ಪಟ್ಟಿಯಲ್ಲಿಲ್ಲದ ಸೀಟು

ರೂಲ್ಫಿಗೆ ಏಳನೆಯ ಸಾಲೇ ಬೇಕಿತ್ತು. ಜನವರಿಯಲ್ಲಿ, ಕಾಲುವೆಗಳ ಅಂಚಿನಲ್ಲಿ ಇನ್ನೂ ಮಂಜುಗಡ್ಡೆ ಇರುವಾಗಲೇ, ಪ್ರವಾಸದ ಆಫೀಸಿಗೆ ಫೋನು ಮಾಡಿ ಹಾಗೆಂದು ಹೇಳಿದ್ದಳು.

"ಏಳೇ ಯಾಕಮ್ಮಾ? ನಾಲ್ಕನೇ ಸಾಲು ಖಾಲಿ ಇದೆ, ಎಲ್ಲರೂ ಮುಂದೆ ಬೇಕು ಅಂತಾರೆ," ಎಂದಳು ಆಫೀಸಿನ ಹುಡುಗಿ.

"ಅನ್ನಲಿ ಬಿಡು. ನಂಗೆ ಏಳು ಕೊಡು. ಬಲಗಡೆ, ಕಿಟಕಿ ಪಕ್ಕ."

ಈ ಹಟಕ್ಕೆ ಲೆಕ್ಕಾಚಾರವಿತ್ತು. ನಮ್ಮ ಕಡೆಯವರಿಗೆ ಬಸ್ಸಿನ ಸೀಟೆಂದರೆ ಹುಡುಗಾಟದ ಮಾತಲ್ಲ. ಬೇರೆ ಯಾವುದರಲ್ಲಾದರೂ ಒಂದು ಕೈ ಹೆಚ್ಚು ಕಡಿಮೆ ಆದೀತು, ಮುಂದಿನ ಸೀಟಿನಲ್ಲಿ ಮಾತ್ರ ಎಲ್ಲರಿಗೂ ಸಮಪಾಲು ಸಿಗಬೇಕು. ಅದಕ್ಕೇ ಇಂಥ ಪ್ರವಾಸಗಳಲ್ಲಿ ದಿನಾ ಬೆಳಿಗ್ಗೆ ಎಲ್ಲರೂ ಎರಡು ಸಾಲು ಮುಂದಕ್ಕೆ ಸರಿಯುತ್ತಾರೆ, ಮುಂದಿನ ಎರಡು ಸಾಲಿನವರು ಗಂಟುಮೂಟೆ ಕಟ್ಟಿಕೊಂಡು ಬಸ್ಸಿನ ಬಾಲಕ್ಕೆ ಹೋಗುತ್ತಾರೆ. ಎಂಟು ದಿನ, ಆರು ದೇಶ. ನಾಲ್ಕನೆಯ ದಿನ ಸ್ವಿಸ್ ದೇಶದ ಘಾಟಿ. ಮೊದಲ ದಿನ ಏಳರಲ್ಲಿ ಕೂತವಳು ಎರಡನೆಯ ದಿನ ಐದಕ್ಕೆ, ಮೂರನೆಯ ದಿನ ಮೂರಕ್ಕೆ, ನಾಲ್ಕನೆಯ ದಿನ ಸರಿಯಾಗಿ ಒಂದನೆಯ ಸಾಲಿಗೆ ಬರುತ್ತಾಳೆ. ರೂಲ್ಫಿ ಇದನ್ನು ಅಡುಗೆಮನೆಯ ಮೇಜಿನ ಮೇಲೆ ಬಸ್ಸಿನ ಹನ್ನೆರಡು ಸಾಲಿಗೆ ಹನ್ನೆರಡು ಬೆಂಕಿಕಡ್ಡಿ ಜೋಡಿಸಿ ಮೂರು ಸಲ ಪರೀಕ್ಷೆ ಮಾಡಿದ್ದಳು.

ಅದೇ ಮೇಜಿನ ಮುಂದೆ ಕೂತು ಅವಳ ಗಂಡ ಹಾರ್ಮ್ ಮೂವತ್ತೊಂದು ವರ್ಷ ಆ ಘಾಟಿಯ ಕಥೆ ಹೇಳಿದ್ದ. ಅವನು ಇದೇ ಕಂಪನಿಯ ಡ್ರೈವರು, ಇದೇ ದಾರಿ. ಸೀಜನ್ನಿನಲ್ಲಿ ಮನೆಯವರನ್ನು ಬಸ್ಸಿಗೆ ಹತ್ತಿಸುವಂತಿರಲಿಲ್ಲ. ಘಾಟಿ ತೆರೆಯುವುದೋ ಬೇಸಿಗೆಯಲ್ಲಿ ಮಾತ್ರ, ಬೇಸಿಗೆಯಲ್ಲಿ ರೂಲ್ಫಿಗೆ ಕೆರೆಯ ದಂಡೆಯ ಆಲೂಗಡ್ಡೆ ಕರಿಯುವ ಅಂಗಡಿ ಬಿಟ್ಟು ಅಲ್ಲಾಡಲಾಗುತ್ತಿರಲಿಲ್ಲ. ಹೀಗಾಗಿ ಭಾನುವಾರ ಸಂಜೆ ಅವನು ಬಂದು ಬೂಟು ಕಳಚಿ ಹೇಳಿದ್ದಷ್ಟೇ ಅವಳ ಪಾಲಿನ ಪ್ರವಾಸ.

"ಅರ್ಧ ಘಾಟಿ ಹತ್ತಿದ್ಮೇಲೆ ಬಲಗಡೆ ಹಿಮನದಿ ಕಾಣುತ್ತೆ ಕಣೇ," ಎನ್ನುತ್ತಿದ್ದ. "ಬಿಳಿ ಅಂದ್ಕೋಬೇಡ. ನೀಲಿ. ನಿಮ್ಮಮ್ಮನ ಹಾಲಿನ ಜಗ್ಗು ಇದೆಯಲ್ಲ, ಅದರ ಒಳಗಡೆಯ ನೀಲಿ. ಕೆಳಗೆ ಒಂದು ಕೆರೆ, ನೀರು ಬೂದಿ ಕಲಸಿದ ಹಾಗೆ."

ಹಾರ್ಮ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಕಂಡದ್ದನ್ನು ಅವನು ಕೂತ ಕಡೆಯಿಂದಲೇ ಒಮ್ಮೆ ಕಾಣಬೇಕು ಎನ್ನುವುದು ರೂಲ್ಫಿಯ ಆಸೆ. ಎಪ್ಪತ್ತಮೂರು ವರ್ಷಕ್ಕೆ ಅವಳಿಗೆ ಉಳಿದಿದ್ದ ದೊಡ್ಡ ಆಸೆ ಅದೊಂದೇ. ತಾನು ಹಾರ್ಮನ ಹೆಂಡತಿ ಎಂದು ಕಂಪನಿಯವರಿಗೆ ಹೇಳಲಿಲ್ಲ. ಹೇಳಿದರೆ ವಿಶೇಷ ಉಪಚಾರ ಮಾಡುತ್ತಾರೆ, ಅದು ಅವಳಿಗೆ ಮೈಗೊಗ್ಗದ ಸಂಗತಿ. ಜೊತೆಗೆ ಬಂದವಳು ನಾದಿನಿ ಟ್ರೀನಾ, ಹಾರ್ಮನ ತಂಗಿ. ಟ್ರೀನಾಳ ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು, ಅದರ ಪಕ್ಕದಲ್ಲೇ ಒಂದು ಚುಚ್ಚುಮಾತು.

ಮೊದಲ ಮೂರು ದಿನ ಹೂವೆತ್ತಿದಂತೆ ಕಳೆದವು. ಬೆಲ್ಜಿಯಮ್ಮಿನಲ್ಲಿ ಕಾಫಿ, ಲಕ್ಸೆಂಬರ್ಗಿನಲ್ಲಿ ಊಟ, ಫ್ರಾನ್ಸಿನ ದ್ರಾಕ್ಷಿತೋಟಗಳ ನಡುವೆ ಎರಡು ರಾತ್ರಿ. ನಲವತ್ತೇಳು ಮುದುಕ ಮುದುಕಿಯರನ್ನು ಗೈಡ್ ಮಾರ್ಲೂಸ್ ಹೇಗೆ ನಿಭಾಯಿಸುತ್ತಾಳೆ ಎಂದು ನೋಡುವುದೇ ರೂಲ್ಫಿಗೊಂದು ಸಂತೋಷವಾಗಿತ್ತು. ನಲವತ್ತು ದಾಟಿದ ದಪ್ಪನೆಯ ಹೆಂಗಸು, ತಲೆಯೆಣಿಸುವಾಗ ಬೆರಳು ತೋರಿಸುತ್ತಿರಲಿಲ್ಲ. ಪ್ರತಿ ಸೀಟಿನ ಬೆನ್ನು ಮುಟ್ಟುತ್ತಾ ಹೋಗಿ, ಹಿಂದಿನಿಂದ ಬರುವಾಗ ಇನ್ನೊಂದು ಸಲ ಮುಟ್ಟುತ್ತಿದ್ದಳು. ಯಾರಿಗೆ ಉಪ್ಪು ಆಗದು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರಿಗೆ ಗಂಟೆಗೊಮ್ಮೆ ಇಳಿಯಬೇಕು, ಎಲ್ಲ ಎರಡನೆಯ ದಿನಕ್ಕೇ ಅವಳಿಗೆ ಕರತಲಾಮಲಕ. ಡ್ರೈವರ್ ವೀಬೆ ನಮ್ಮ ದೇಶದ ಉತ್ತರದ ಫ್ರೀಸ್‌ಲಂಡಿನವನು, ಆ ಕಡೆಯವರಂತೆ ಮಾತಿಗೆ ಬರಗಾಲ. ಆದರೆ ಅವನು ಬಸ್ಸು ತಿರುಗಿಸಿದರೆ ಲೋಟದ ಸೂಪು ತುಳುಕುತ್ತಿರಲಿಲ್ಲ. ಡ್ರೈವರನ ಹೆಂಡತಿಯಾಗಿದ್ದವಳಿಗೆ ಅದರ ಬೆಲೆ ಗೊತ್ತಿತ್ತು.

ಮೂರನೆಯ ದಿನ ಸಂಜೆ ಸ್ವಿಸ್ ಹೋಟೆಲಿನಲ್ಲಿ ಮಾರ್ಲೂಸ್ ಎದ್ದು ನಿಂತಳು. "ಬೇಸಿಗೆ ಆದ್ರೂ ಮೇಲೆ ಹೊಸ ಹಿಮ ಬಿದ್ದಿದೆಯಂತೆ. ನಾಳೆ ಘಾಟಿ ಮುಚ್ಚಿರ್ತಾರೆ. ಪರವಾಗಿಲ್ಲ, ನಾಳೆ ಬೆರ್ನ್ ಪಟ್ಟಣ, ನಾಡಿದ್ದು ಘಾಟಿ. ದಿನ ಅದಲು ಬದಲು ಅಷ್ಟೇ, ಏನೂ ತಪ್ಪಿ ಹೋಗಲ್ಲ."

ಎಲ್ಲರೂ ತಲೆಯಾಡಿಸಿ ಊಟಕ್ಕೆ ಕೈಯಿಟ್ಟರು. ರೂಲ್ಫಿ ಚಮಚ ಕೆಳಗಿಟ್ಟು ಬೆರಳು ಮಡಿಚಿದಳು: ನಾಳೆ ಒಂದು, ನಾಡಿದ್ದು ಹನ್ನೊಂದು.

ನಾಲ್ಕನೆಯ ದಿನ ಅವಳು ಒಂದನೆಯ ಸಾಲಿನಲ್ಲಿ ರಾಣಿಯಂತೆ ಕೂತು ಹೆದ್ದಾರಿ ನೋಡಿದಳು. ಸುರಂಗ, ಲಾರಿ, ಪೀಠೋಪಕರಣದ ಮಳಿಗೆ, ಮತ್ತೆ ಸುರಂಗ. ಹಾಲಿನ ಟ್ಯಾಂಕರೊಂದು ಮುಂದೆ ಹಾದಾಗ ಟ್ರೀನಾ ಮೊಣಕೈಯಿಂದ ತಿವಿದಳು.

"ನೋಡು ಅತ್ತಿಗೆ, ಬಂತು ನಿನ್ನ ಹಿಮನದಿ. ಚಕ್ರ ಬೇರೆ ಇದೆ."

ರೂಲ್ಫಿಗೆ ನಗು ಬರಲಿಲ್ಲ. ಟ್ರೀನಾ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿಕೊಂಡಳು. "ನಾಳೆ ನಾವು ಹನ್ನೊಂದನೇ ಸಾಲು. ಅಲ್ಲಿಂದ ಕಾಣೋದು ಮುಂದಿನವರ ಬೋಳುತಲೆ ಮಾತ್ರ. ಗೈಡಿಗೆ ಒಂದು ಮಾತು ಹೇಳೋಣ ಕಣೆ."

"ಬೇಡ."

"ನೀನು ಹೇಳ್ಬೇಡ, ನಾನು ಹೇಳ್ತೀನಿ."

"ಟ್ರೀನಾ, ನಾಳೆ ಒಂದನೇ ಸಾಲು ಬೋಸ್ಮಾ ಮೇಷ್ಟ್ರದ್ದು. ಅವರ ಸರದಿ ಅವರದು. ನನ್ನ ಸರದಿ ಇವತ್ತು, ಕೂತಾಯ್ತು, ಮುಗೀತು."

"ನಮ್ಮಣ್ಣ ಇದ್ದಿದ್ರೆ ನಿನ್ನ ಈ ನ್ಯಾಯಕ್ಕೆ ಕೈ ಮುಗೀತಿದ್ದ," ಎಂದು ಟ್ರೀನಾ ಕಿಟಕಿಯ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು.

ಬೋಸ್ಮಾ ಮೇಷ್ಟ್ರ ಹತ್ತಿರ ಸೀಟು ಕೇಳುವುದೂ ಒಂದೇ, ಕಲ್ಲಿನ ಹತ್ತಿರ ಹಾಲು ಕೇಳುವುದೂ ಒಂದೇ. ನಿವೃತ್ತ ಗಣಿತದ ಮೇಷ್ಟ್ರು, ಸೀಟಿನ ಪಟ್ಟಿಯನ್ನು ಪ್ಲಾಸ್ಟಿಕ್ ಹೊದಿಸಿ ಕೊರಳಿಗೆ ಹಾಕಿಕೊಂಡಿದ್ದರು. ಐದನೆಯ ದಿನ ಬೆಳಿಗ್ಗೆ ಎಂಟಕ್ಕೆ ಹದಿನೈದು ನಿಮಿಷ ಮೊದಲೇ ಬಂದು, ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು, ಒಂದನೆಯ ಸಾಲಿನಲ್ಲಿ ಬೇರು ಬಿಟ್ಟರು. ರೂಲ್ಫಿ ಅವರಿಗೆ ಶುಭೋದಯ ಹೇಳಿ, ಹನ್ನೊಂದನೆಯ ಸಾಲಿನವರೆಗೆ ನಡೆದು ಹೋಗಿ ಕೂತಳು.

ಘಾಟಿಯ ಬುಡದಲ್ಲಿ ಹತ್ತು ಗಂಟೆಯ ಕಾಫಿ. ಘಾಟಿಯ ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ನಕಾಶೆ ಬಿಡಿಸಿ ಕೂರುತ್ತೀರಿ. ರೂಲ್ಫಿ ಶೌಚಾಲಯದ ಸಾಲಿನಲ್ಲಿ ನಿಂತಿದ್ದಾಗ ಟ್ರೀನಾ ನೆಟ್ಟಗೆ ಹೋಗಿ ಮಾರ್ಲೂಸಳ ತೋಳು ಹಿಡಿದುಕೊಂಡಳು. ಹಾರ್ಮ್, ಅಡುಗೆಮನೆಯ ಮೇಜು, ಬೆಂಕಿಕಡ್ಡಿ, ಏಳನೆಯ ಸಾಲು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟಳು. ರೂಲ್ಫಿ ಬರುವಾಗ ಮೂವರೂ, ಅಂದರೆ ಟ್ರೀನಾ, ಮಾರ್ಲೂಸ್ ಮತ್ತು ವೀಬೆ, ಬಸ್ಸಿನ ಬಾಗಿಲಲ್ಲಿ ಅವಳನ್ನೇ ಕಾಯುತ್ತಿದ್ದರು.

"ರೂಲ್ಫಿಯಮ್ಮ, ಇದನ್ನ ಮೊದಲ ದಿನಾನೇ ಹೇಳೋದಲ್ವಾ?" ಎಂದಳು ಮಾರ್ಲೂಸ್.

ರೂಲ್ಫಿಯ ಮುಖ ಕೆಂಪಾಯಿತು. "ಅವಳ ಮಾತು ಕಿವಿಗೆ ಹಾಕ್ಕೋಬೇಡಿ. ಪಟ್ಟಿ ಅಂದ್ರೆ ಪಟ್ಟಿ. ನಾನು ಯಾರನ್ನೂ ಎಬ್ಬಿಸಲ್ಲ."

"ನಾನೂ ಎಬ್ಬಿಸಲ್ಲ. ಪಟ್ಟಿ ಮುಟ್ಟಿದ್ರೆ ನನ್ನ ಕಥೆ ಮುಗೀತು. ಒಂದ್ಸಲ ಮುಟ್ಟಿದ್ದೆ, ಅಕ್ಕ ತಂಗಿ ಇಬ್ಬರು ಪ್ಯಾರಿಸ್ಸಿಂದ ಮನೆವರೆಗೂ ಮಾತು ಬಿಟ್ರು." ಮಾರ್ಲೂಸ್ ಬಾಗಿಲ ಪಕ್ಕಕ್ಕೆ ಬಾಗಿ, ಗೋಡೆಗೆ ಮಡಿಚಿಟ್ಟಿದ್ದ ತನ್ನ ಪುಟ್ಟ ಸೀಟನ್ನು ಟಪ್ಪೆಂದು ಬಿಡಿಸಿದಳು. ಅದು ಬೋಸ್ಮಾ ಮೇಷ್ಟ್ರ ಸಾಲಿಗಿಂತಲೂ ಮುಂದೆ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ, ವೀಬೆಯ ಪಕ್ಕಕ್ಕೇ ಇತ್ತು. "ಇದು ಪಟ್ಟಿಯಲ್ಲಿ ಇಲ್ಲ. ಇದು ಗೈಡ್ ಸೀಟು."

"ಅದರಲ್ಲಿ ಕೆಲಸದವರು ಮಾತ್ರ ಕೂರ್ಬೇಕು. ಹಾರ್ಮ್ ಹೇಳ್ತಿದ್ರು."

"ಸರಿಯಾಗೇ ಹೇಳಿದಾರೆ." ಮಾರ್ಲೂಸ್ ತನ್ನ ಕೊರಳಿನ, ಗೈಡ್ ಎಂದು ಬರೆದ ಬಿಲ್ಲೆ ತೆಗೆದು ರೂಲ್ಫಿಯ ಕೊರಳಿಗೆ ಹಾಕಿ, ಮೈಕನ್ನು ಕೈಗಿಟ್ಟಳು. "ಘಾಟಿ ಇಳಿಯೋವರೆಗೂ ಗೈಡ್ ನೀವು. ನಾನು ಹನ್ನೊಂದನೇ ಸಾಲಲ್ಲಿ ಟ್ರೀನಮ್ಮನ ಪೆಪ್ಪರ್‌ಮಿಂಟು ತಿಂತಾ ಕೂತಿರ್ತೀನಿ. ಬೆಲ್ಟ್ ಹಾಕ್ಕೊಳಿ. ಮತ್ತೆ, ಸುಮ್ನೆ ಕೂತ್ಕೊಳೋ ಹಾಗಿಲ್ಲ, ಗೈಡ್ ಅಂದ್ಮೇಲೆ ಮಾತಾಡ್ಬೇಕು."

ಬೋಸ್ಮಾ ಮೇಷ್ಟ್ರು ತಮ್ಮ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. ಆಕ್ಷೇಪಿಸಲು ಒಂದು ಕಾರಣವೂ ಸಿಗಲಿಲ್ಲ. "ಕ್ರಮಬದ್ಧವಾಗಿದೆ," ಎಂದರು.

ವೀಬೆ ಮೊದಲ ಬಾರಿಗೆ ಬಾಯಿ ತೆರೆದ. "ಹಾರ್ಮಣ್ಣನ ಕಾಫಿ ಲೋಟ ಡಿಪೋದಲ್ಲಿ ಇನ್ನೂ ಇದೆ ಅಮ್ಮಾ. ಯಾರೂ ಮುಟ್ಟಲ್ಲ." ಅಷ್ಟು ಹೇಳಿ ಬಸ್ಸು ಶುರು ಮಾಡಿದ.

ತಿರುವುಗಳು ಆರಂಭವಾದವು. ಮುಂದಿನ ಚಕ್ರಗಳು ಸೀಟಿಗಿಂತ ಹಿಂದೆ ಇರುವುದರಿಂದ, ಪ್ರತಿ ತಿರುವಿನಲ್ಲೂ ರೂಲ್ಫಿಯ ಕಾಲ ಕೆಳಗೆ ರಸ್ತೆಯೇ ಇಲ್ಲದಂತಾಗಿ ಬರೀ ಕಣಿವೆ ಕಾಣುತ್ತಿತ್ತು. ಮೊದಲ ಎರಡು ತಿರುವಿನಲ್ಲಿ ಅವಳು ಜೀವ ಕೈಯಲ್ಲಿ ಹಿಡಿದಿದ್ದಳು. ಆಮೇಲೆ ವೀಬೆಯ ಕೈ ನೋಡಿದಳು. ಅವು ಅವಸರಪಡುತ್ತಿರಲಿಲ್ಲ. ರಸ್ತೆ, ಎಡಗನ್ನಡಿ, ರಸ್ತೆ, ಬಲಗನ್ನಡಿ, ಹೀಗೆ ಅವನ ಕಣ್ಣು ಗಡಿಯಾರದ ಹಾಗೆ ಓಡಾಡುತ್ತಿತ್ತು. ಎದುರಿಂದ ಹಳದಿ ಅಂಚೆ ಬಸ್ಸು ಬಂದಾಗ ಎರಡು ಬಸ್ಸುಗಳ ನಡುವೆ ಅಂಗೈ ಅಗಲದ ಜಾಗ ಉಳಿಯಿತು. ಇಬ್ಬರು ಡ್ರೈವರುಗಳೂ ಒಂದೊಂದು ಬೆರಳು ಎತ್ತಿ ನಮಸ್ಕಾರ ಮಾಡಿದರು. ಹಾರ್ಮನ ಕೆಲಸ ಇದು, ಮೂವತ್ತೊಂದು ವರ್ಷ ಇದನ್ನೇ ಮಾಡಿದ್ದ ಎಂದು ರೂಲ್ಫಿಗೆ ಹೆಮ್ಮೆಯಿಂದ ಎದೆ ಉಬ್ಬಿತು.

ಆಗ ಬಲಗಡೆಯ ಬಂಡೆ ಸರಿದು ಹಿಮನದಿ ಕಾಣಿಸಿತು.

"ಅಗೋ! ಬಂತು! ವೀಬೆ, ನೋಡಪ್ಪ ಇಲ್ಲಿ!"

ವೀಬೆ ಕತ್ತು ತಿರುಗಿಸಲಿಲ್ಲ. "ನೀವು ನೋಡಿ ಅಮ್ಮಾ."

"ಅಯ್ಯೋ, ಒಂದೇ ಒಂದು ಸಲ."

"ಬಸ್ಸಲ್ಲಿ ಐವತ್ತು ಜನ ಇದಾರೆ." ತಿರುವು ದಾಟಿ ರಸ್ತೆ ನೆಟ್ಟಗಾದ ಮೇಲೆ ಅವನೇ ಮುಂದುವರಿಸಿದ. "ಹದಿನಾಲ್ಕು ವರ್ಷದಿಂದ ಇಲ್ಲಿ ಹತ್ತಿಸ್ತಿದೀನಿ. ಇದು ಕಾಣೋದು ಈ ಆರು ತಿರುವಿನಲ್ಲಿ ಮಾತ್ರ. ಇಷ್ಟುದ್ದದ ಬಸ್ಸು ನಿಲ್ಸೋಕೆ ಜಾಗ ಇಲ್ಲ. ಹಿಂದೆ ಎಲ್ಲರೂ 'ಓಹ್' ಅಂತಾರೆ, ಬಂತು ಅಂತ ಗೊತ್ತಾಗುತ್ತೆ. ನಾನು ನೋಡಿಲ್ಲ."

ರೂಲ್ಫಿ ಹಿಮನದಿಯಿಂದ ಕಣ್ಣು ಕಿತ್ತು ಅವನ ಕಡೆ ತಿರುಗಿದಳು. "ಹಾಗಾದ್ರೆ ಹಾರ್ಮ್?"

"ಯಾವ ಡ್ರೈವರೂ ನೋಡಿರಲ್ಲ. ನೋಡಿದವನು ಎರಡನೇ ಸಲ ಘಾಟಿ ಹತ್ತೋಕೆ ಉಳಿದಿರಲ್ಲ."

ಒಂದು ಗಳಿಗೆ ಅವಳಿಗೆ ಮೋಸ ಹೋದ ಹಾಗೆ ಆಯಿತು. ಹಾಲಿನ ಜಗ್ಗು, ಬೂದಿ ಬಣ್ಣದ ನೀರು, ಎಲ್ಲ ಸುಳ್ಳೇ? ಆದರೆ ಕಣ್ಣೆದುರಿಗೇ ಇತ್ತಲ್ಲ. ಅವನು ಹೇಳಿದ್ದಕ್ಕಿಂತ ಈಗ ಕಿರಿದಾಗಿತ್ತು, ಬಂಡೆಗಳು ಬತ್ತಲಾಗಿ ನಿಂತಿದ್ದವು. ಆದರೆ ಬಿರುಕುಗಳ ಒಳಗೆ ಅಮ್ಮನ ಜಗ್ಗಿನ ಅದೇ ನೀಲಿ, ಕೆಳಗೆ ಬೂದಿ ಕಲಸಿದಂಥ ಅದೇ ಕೆರೆ. ಆಗ ಅವಳಿಗೆ ಹೊಳೆಯಿತು: ಬೆನ್ನ ಹಿಂದೆ ಯಾರೋ ಹೆಂಗಸು ಗಂಡನಿಗೆ ಹೇಳಿಕೊಂಡ ಮಾತುಗಳನ್ನು ಹಾರ್ಮ್ ರಸ್ತೆಯಿಂದ ಕಣ್ಣು ಕೀಳದೆ ಕೇಳಿಸಿಕೊಂಡಿದ್ದ. ಕೇಳಿದ್ದನ್ನು ದೇಶ ದೇಶ ದಾಟಿಸಿ, ಒಂದು ಹನಿ ಚೆಲ್ಲದೆ, ಭಾನುವಾರ ಸಂಜೆ ತಂದು ಮೇಜಿನ ಮೇಲೆ ಇಟ್ಟಿದ್ದ. ತನಗೆ ಕಾಣದ್ದನ್ನು ಅವಳಿಗೆ ಕಾಣಿಸಿದ್ದ. ಇಂಥ ಗಂಡಸನ್ನು ತಾನು ಇಷ್ಟು ವರ್ಷ ಬರೀ ಒಳ್ಳೆಯ ಡ್ರೈವರು ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ಅಳು ಉಕ್ಕಿ ಬಂತು.

ಹನ್ನೊಂದನೆಯ ಸಾಲಿನಿಂದ ಟ್ರೀನಾಳ ಕೂಗು ಕೇಳಿಸಿತು. "ಗೈಡಮ್ಮಾ, ಬಾಯಿ ಬಿಡಿ! ಇಲ್ಲಿ ಬೋಳುತಲೆ ಬಿಟ್ರೆ ಏನೂ ಕಾಣ್ತಿಲ್ಲ!"

ಬಸ್ಸೆಲ್ಲ ನಕ್ಕಿತು. ರೂಲ್ಫಿ ಕಣ್ಣೊರೆಸಿಕೊಂಡು ಮೈಕು ಬಾಯಿಗೆ ಹಿಡಿದಳು. ಹಿಂದಕ್ಕೆ ತಿರುಗಲಿಲ್ಲ, ವೀಬೆಯ ಕಿವಿಯ ಕಡೆ ತಿರುಗಿದಳು.

"ಬಲಗಡೆ ಹಿಮನದಿ," ಎಂದಳು. "ಬಿಳಿ ಅಂದ್ಕೋಬೇಡಿ. ನೀಲಿ."

"ಎಂಥ ನೀಲಿ?" ವೀಬೆ ರಸ್ತೆ ನೋಡುತ್ತಲೇ ಕೇಳಿದ.

"ಹಳೇ ಹಾಲಿನ ಜಗ್ಗಿನ ಒಳಗಡೆಯ ನೀಲಿ. ತಳದಲ್ಲಿ ಸ್ವಲ್ಪ ಹಾಲು ಉಳಿದಿರುತ್ತಲ್ಲ, ಅಲ್ಲಿ ಕಾಣುತ್ತೆ ನೋಡು, ಅಂಥದ್ದು."

ವೀಬೆ ಇನ್ನೊಂದು ತಿರುವು ದಾಟಿಸಿದ. ಆಮೇಲೆ, ಮೈಕಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ: "ನನ್ನ ಹೆಂಡ್ತಿ ಪ್ರತಿ ಸಲ ಕೇಳ್ತಾಳೆ, ಹೇಗಿರುತ್ತೆ ಅಂತ. ಇಷ್ಟು ವರ್ಷ ಬರೀ 'ಚೆನ್ನಾಗಿದೆ' ಅಂತಿದ್ದೆ."

"ಹೌದಾ? ಹಾಗಾದ್ರೆ ಸರಿಯಾಗಿ ಕೇಳಿಸ್ಕೋ," ಎಂದು ರೂಲ್ಫಿ ಮತ್ತೆ ಮೊದಲಿನಿಂದ ಶುರು ಮಾಡಿದಳು.