ಬಾಶಿ ಚೋಲಾನ ನಾಲ್ಕನೆಯ ವಿಮಾನ

ಬಾಶಿ ಚೋಲಾನ ಮೂರನೆಯ ವಿಮಾನ ಬಾನಾ ಮುಂಬಾಳ ಟೊಮೇಟೊ ರಾಶಿಯ ಮೇಲೆ ಬಿತ್ತು.

ಜನ ಕೂರುವ ವಿಮಾನವಲ್ಲ ಅದು. ಫೋಮಿನಲ್ಲೂ ಹಗುರ ಮರದಲ್ಲೂ ಮಾಡಿದ, ಒಂದು ಮಾರುದ್ದದ ರೆಕ್ಕೆಯ, ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನ. ಮುಫುಲಿರಾ ಎಂಬ ಊರಿನ ಗಣಿ ಕಾಲೊನಿಯ ಹಳೆಯ ಫುಟ್‌ಬಾಲ್ ಮೈದಾನದಲ್ಲಿ ಶನಿವಾರ ಸಂಜೆ ಆರೇಳು ಜನ ಸೇರಿ ಇಂಥವನ್ನು ಹಾರಿಸುತ್ತಿದ್ದರು. ಆ ಊರಲ್ಲಿ ಮಗುವಿನ ಹೆಸರು ಸೇರಿಸಿ ಅಪ್ಪನನ್ನು ಬಾಶಿ, ಅಮ್ಮನನ್ನು ಬಾನಾ ಎಂದು ಕರೆಯುವುದು ರೂಢಿ. ವಾರವಿಡೀ ಕೆಟ್ಟ ಫ್ರಿಜ್‌ಗಳ ಹಿಂದೆ ಬೆನ್ನು ಬಗ್ಗಿಸಿ ಕೂರುವ ಬಾಶಿ ಚೋಲಾ ನೆಟ್ಟಗೆ ನಿಂತು ತಲೆಯೆತ್ತುತ್ತಿದ್ದದ್ದು ಅದೊಂದು ಸಂಜೆ ಮಾತ್ರ.

ಬೇಲಿಯಾಚೆ ವ್ಯಾಪಾರಕ್ಕೆ ಕೂತಿದ್ದ ಬಾನಾ ಮುಂಬಾ ತಟ್ಟನೆ ಬಗ್ಗಿದ್ದರಿಂದ ಅವಳ ತಲೆ ಉಳಿಯಿತು. ಟೊಮೇಟೊ ಉಳಿಯಲಿಲ್ಲ. ಅವಳು ಮುರಿದ ರೆಕ್ಕೆಯನ್ನು ಎತ್ತಿಕೊಂಡು ಮೈದಾನದ ನಡುವಿಗೇ ಬಂದಳು.

"ಬಾಶಿ ಚೋಲಾ, ಸಾರಿಗೆ ಟೊಮೇಟೊ ಹಿಚುಕಿಕೊಡಿ ಅಂತ ನಿಮ್ಮನ್ನ ಕೇಳಿದ್ನಾ ನಾನು?"

ಜನ ನಕ್ಕರು. ಅವಳು ನಗಲಿಲ್ಲ. "ಇನ್ನೊಂದು ಗೇಣು ಈಚೆ ಬಿದ್ದಿದ್ರೆ ಈಗ ನನ್ನ ಮನೇಲಿ ಎಲ್ರೂ ಅಳ್ತಾ ಕೂತಿರ್ತಿದ್ರು."

"ತಪ್ಪು ನಂದಲ್ಲ ತಾಯಿ, ಆ ಫೋನ್ ಟವರ್‌ದು. ಅದರ ಸಿಗ್ನಲ್ ನನ್ನ ರಿಮೋಟಿಗೆ ಅಡ್ಡ ಬರುತ್ತೆ," ಎಂದ ಬಾಶಿ ಚೋಲಾ.

ಮುಂದಿನ ವಾರವೇ ಅಕ್ಕಪಕ್ಕದವರು ಸಹಿ ಹಾಕಿ, ಈ ಹಾರಾಟ ನಿಲ್ಲಿಸಿ ಎಂದು ಪುರಸಭೆಗೆ ಅರ್ಜಿ ಕೊಟ್ಟರು. ಪುರಸಭೆಯಿಂದ ಪತ್ರ ಬಂತು. ಐದು ವಾರ ಬಿಟ್ಟು ನಮ್ಮ ಸದಸ್ಯರು ಬಂದು ನೋಡುತ್ತಾರೆ. ಟೊಮೇಟೊ ಮೇಲೆ ಬೀಳಿಸಿದವರೇ ಹಾರಿಸಿ ತೋರಿಸಬೇಕು. ಆ ದಿನ ವಿಮಾನ ಬಿದ್ದರೆ ಮೈದಾನಕ್ಕೆ ಬೀಗ.

ಹೆಂಡತಿ ಬಾನಾ ಚೋಲಾ ಆ ಪತ್ರವನ್ನು ಎರಡು ಸಲ ಓದಿದಳು. "ಬೀಗ ಈಗಲೇ ಕೊಂಡು ತಂದಿಟ್ಟರೆ ಅವರಿಗೆ ಓಡಾಟ ತಪ್ಪುತ್ತೆ," ಎಂದಳು.

ಪತ್ರ ಬಂದ ವಾರದ ಭಾನುವಾರ ಬಾ ಫೆಲಿಸ್ಟಸ್ ಮನೆಗೆ ಬಂದರು; ಬಾ ಎಂದರೆ ಅಲ್ಲಿ ಹಿರಿಯರಿಗೆ ಗೌರವದ ಕರೆ. ಎನ್‌ಡೋಲಾ ವಿಮಾನ ನಿಲ್ದಾಣದಲ್ಲಿ ಇಪ್ಪತ್ತಾರು ವರ್ಷ ರೇಡಿಯೊ ಯಂತ್ರಗಳ ಕೆಲಸ ಮಾಡಿ ನಿವೃತ್ತರಾದ ಹೆಂಗಸು. ಮೈದಾನದಲ್ಲಿ ಹಾರಿಸುವವರಲ್ಲಿ ಎಲ್ಲರಿಗಿಂತ ಹಿರಿಯರು. ಕೊಟ್ಟ ಮುಂಕೊಯೊ ಬೇರಿನ ಪಾನಕವನ್ನು ನಿಧಾನಕ್ಕೆ ಕುಡಿದು ಮುಗಿಸಿ, "ಮುರಿದದ್ದನ್ನೆಲ್ಲ ತನ್ನಿ ಇಲ್ಲಿ," ಎಂದರು.

ಬಾಶಿ ಚೋಲಾ ಜೋಳದ ಹಿಟ್ಟಿನ ಖಾಲಿ ಚೀಲವೊಂದನ್ನು ಎಳೆದು ತಂದು ನೆಲದ ಮೇಲೆ ಸುರಿದ. ಮೂರು ವಿಮಾನಗಳ ಮೂಳೆಗಳು.

"ಮೊದಲನೇದು ಹೇಗೆ ಬಿತ್ತು?"

"ಏಳ್ತಿದ್ದ ಹಾಗೇ ಮೂತಿ ಮೇಲೆತ್ತಿತು. ಎತ್ತಿದ್ದು ಎತ್ತಿದ ಹಾಗೇ ಹೋಗಿ ಮಗುಚಿಕೊಳ್ತು. ಟವರ್ ಬಾ ಫೆಲಿಸ್ಟಸ್, ಟವರ್."

"ಬ್ಯಾಟರಿ ಎಲ್ಲಿಟ್ಟಿದ್ರಿ?"

"ಮುಂದೆ ಜಾಗ ಸಾಲ್ಲಿಲ್ಲ. ಹಿಂದಕ್ಕೆ ತಳ್ಳಿದೆ."

"ಅಂದ್ರೆ ಬಾಲ ಭಾರ ಆಯ್ತು. ರೆಕ್ಕೆ ಕೆಳಗೆ ಎರಡು ಬೆರಳಿಟ್ಟು ಎತ್ತಿ ನೋಡಿದ್ರಾ, ಸಮ ನಿಲ್ಲುತ್ತಾ ಅಂತ?"

ಅವನು ಮುರಿದ ಬಾಲವನ್ನು ಕಾಲಿನಿಂದ ಬದಿಗೆ ಸರಿಸಿದ.

"ಎರಡನೇದು?"

"ಹೊಸದಾಗಿ ಕಟ್ಟಿ ಚೆನ್ನಾಗೇ ಎಬ್ಬಿಸಿದೆ. ಬಲಕ್ಕೆ ತಿರುಗಿಸಿದ್ರೆ ಎಡಕ್ಕೆ ಹೋಗಿ ಮಾವಿನ ಮರಕ್ಕೆ ಹೊಡೀತು."

ಬಾ ಫೆಲಿಸ್ಟಸ್ ರೆಕ್ಕೆಯೊಳಗಿನ ತಂತಿಗಳನ್ನು ಬೆರಳಿಂದ ಬಿಡಿಸಿದರು. "ಅಲ್ಲಾ, ಟವರ್ ಬಂದು ನಿಮ್ಮ ತಂತಿ ಅದಲುಬದಲು ಮಾಡಿ ಹೋಯ್ತಾ? ಹಾರಿಸೋ ಮುಂಚೆ ರಿಮೋಟಿನ ಕಡ್ಡಿ ಅಲ್ಲಾಡಿಸಿ, ರೆಕ್ಕೆ ಹಿಂದಿನ ಆಡೋ ಪಟ್ಟಿ ಯಾವ ಕಡೆಯದು ಏಳುತ್ತೆ ಅಂತ ನೋಡಿದ್ರೆ ಸಾಕಿತ್ತು."

ಬಾಗಿಲಲ್ಲಿ ನಿಂತಿದ್ದ ಬಾನಾ ಚೋಲಾ ಸೆರಗಿನಂತೆ ಹೊದ್ದಿದ್ದ ಚಿತೆಂಗೆ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದಳು.

"ಮೂರನೇದು ನನಗೇ ಗೊತ್ತು, ನಾನಲ್ಲೇ ಇದ್ದೆ," ಎಂದರು ಬಾ ಫೆಲಿಸ್ಟಸ್. "ಬ್ಯಾಟರಿ ಚಾರ್ಜ್ ಮಾಡಿದ್ದು ಯಾವಾಗ?"

"ಅದರ ಹಿಂದಿನ ಶನಿವಾರ. ಅರ್ಧಕ್ಕಿಂತ ಜಾಸ್ತೀನೇ ಇತ್ತು, ಅನ್ಸುತ್ತೆ."

"ಅನ್ಸಿದ್ದು ನಿಮಗೆ, ಬ್ಯಾಟರಿಗಲ್ಲ. ಮೋಟಾರ್ ಸೋತಾಗ ಏನ್ಮಾಡಿದ್ರಿ?"

"ಕೆಳಗಿಳೀತಿತ್ತಲ್ಲ, ಮೂತಿ ಮೇಲಕ್ಕೆಳೆದೆ."

"ಅಲ್ಲೇ ಕೆಟ್ಟಿದ್ದು. ವೇಗ ಇಲ್ದೆ ಮೂತಿ ಎತ್ತಿದ್ರೆ ರೆಕ್ಕೆಗೆ ಗಾಳಿ ಹಿಡಿತ ತಪ್ಪುತ್ತೆ, ಕಲ್ಲಿನ ಥರ ಬೀಳುತ್ತೆ. ಮೂತಿ ಸ್ವಲ್ಪ ತಗ್ಗಿಸಿ ವೇಗ ಉಳಿಸ್ಕೊಂಡು ನೇರ ಇಳಿಸಬೇಕಿತ್ತು."

ಬಾಶಿ ಚೋಲಾನ ಮುಖ ಬಿಗಿದುಕೊಂಡಿತು. "ನಾನು ಮೂವತ್ತು ವರ್ಷದಿಂದ ಮೆಷಿನ್ ರಿಪೇರಿ ಮಾಡ್ತಿರೋನು. ನನಗೇ ಪಾಠಾನಾ?"

"ಸರಿ. ಗಿರಾಕಿಯೊಬ್ಬ ಬಂದು, ಫ್ರಿಜ್ ತಣ್ಣಗಾಗ್ತಿಲ್ಲ, ಪಕ್ಕದ ಮನೆಯವರ ಕಣ್ಣು ಬಿದ್ದಿದೆ ಅಂದ್ರೆ ಏನಂತೀರಿ?"

"ಮೊದಲು ಪ್ಲಗ್ ನೋಡಪ್ಪ ಅಂತೀನಿ."

ಹೇಳಿದ ಮೇಲೆ ಅವನಿಗೆ ತಾನು ಹೇಳಿದ್ದು ಕೇಳಿಸಿತು. ಬಾನಾ ಚೋಲಾ ಇನ್ನು ತಡೆಯಲಾರದೆ ಜೋರಾಗಿ ನಕ್ಕುಬಿಟ್ಟಳು. ಒಂದು ಗಳಿಗೆ ಬಿಟ್ಟು ಅವನೂ ನಕ್ಕ, ಹುಳಿ ತಿಂದವನ ಹಾಗೆ.

ಮಾರನೆಯ ದಿನವೇ ನಾಲ್ಕನೆಯ ವಿಮಾನದ ಕೆಲಸ ಶುರುವಾಯಿತು. ಈ ಸಲ ಬಾನಾ ಚೋಲಾಳೂ ಜೊತೆಗೆ ಕೂತಳು. ಬಾ ಫೆಲಿಸ್ಟಸ್ ಹೇಳಿದ್ದನ್ನೆಲ್ಲ ಅವಳು ವಿಮಾನದ ಪೆಟ್ಟಿಗೆಯ ಮುಚ್ಚಳದೊಳಗೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಳು. ತೂಕ ಸಮ ಇದೆಯಾ. ಬ್ಯಾಟರಿ ಇವತ್ತೇ ಚಾರ್ಜ್ ಆಗಿದೆಯಾ. ಮೊದಲು ರಿಮೋಟ್ ಹಚ್ಚಿ, ಆಮೇಲೆ ವಿಮಾನ. ಸಂಜೆಗಳಲ್ಲಿ ಅವಳು ವಿಮಾನ ಹಿಡಿದು ನಿಲ್ಲುವಳು, ಅವನು ರಿಮೋಟಿನ ಶಕ್ತಿ ತಗ್ಗಿಸಿಕೊಂಡು ಮೂವತ್ತು ಹೆಜ್ಜೆ ದೂರ ಹೋಗುವನು. ಅಷ್ಟು ದೂರದಿಂದಲೂ ಬಾಲ ಹೇಳಿದಂತೆ ಕೇಳಿದರೆ ಸಿಗ್ನಲ್ ಸರಿಯಿದೆ ಎಂದರ್ಥ.

"ಈಗೇನಂತೀರಿ ಟವರ್ ಬಗ್ಗೆ?" ಎಂದು ಅವಳು ಅಲ್ಲಿಂದ ಕೂಗುವಳು. ಟವರ್ ಅಲ್ಲೇ ನಿಂತಿತ್ತು, ಬಾಲ ಸರಿಯಾಗಿ ಆಡುತ್ತಿತ್ತು.

ಬೆಳಗಿನ ತಂಪಿನಲ್ಲಿ, ಬೇಲಿಯಾಚೆ ಸಂತೆ ನೆರೆಯುವ ಮುಂಚೆ, ಬಾ ಫೆಲಿಸ್ಟಸ್ ಅವನನ್ನು ಮೈದಾನದಲ್ಲಿ ತಿದ್ದಿದರು. ಸೂರ್ಯನಿಗೆ ಎದುರಾಗಿ ಹಾರಿಸಬೇಡಿ, ಕಣ್ಣು ಕುಕ್ಕಿದರೆ ವಿಮಾನ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದಿಲ್ಲ. ಗಾಳಿಗೆ ಎದುರಾಗಿ ಎಬ್ಬಿಸಿ, ಗಾಳಿಗೆ ಎದುರಾಗಿಯೇ ಇಳಿಸಿ. ಇಳಿಯುವುದು ಅಡ್ಡಾದಿಡ್ಡಿಯಾದರೆ ಹಟ ಹಿಡಿಯಬೇಡಿ, ಮೋಟಾರಿಗೆ ಜೋರು ಕೊಟ್ಟು ಇನ್ನೊಂದು ಸುತ್ತು ಹೋಗಿ ಬನ್ನಿ.

ಪುರಸಭೆ ಹೇಳಿದ್ದ ಶನಿವಾರ ಬಂತು. ಸುಡು ಅಕ್ಟೋಬರ್. ಮೈದಾನದ ಸುತ್ತ ಕಾಲೊನಿಗೆ ಕಾಲೊನಿಯೇ ನೆರೆದಿತ್ತು. ಪುರಸಭೆಯ ಸದಸ್ಯರು ಛತ್ರಿಯಡಿ ಕೂತಿದ್ದರು. ಬಾನಾ ಮುಂಬಾ ಮಾತ್ರ ಕಬ್ಬಿಣದ ಬೋಗುಣಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಕುಳಿತಿದ್ದಳು.

ಬಾನಾ ಚೋಲಾ ಮುಚ್ಚಳ ತೆರೆದು ಒಂದೊಂದೇ ಓದಿದಳು. ಅವನು ಒಂದೊಂದೇ ನೋಡಿದ. ಕೊನೆಗೆ ಮೂವತ್ತು ಹೆಜ್ಜೆ ದೂರ ಹೋಗಿ ಕಡ್ಡಿ ಅಲ್ಲಾಡಿಸಿದ.

"ಬಾಲ ನಡುಗ್ತಿದೆ," ಎಂದಳು ಅವಳು.

"ಬಿಸಿಲಿಗೆ ಹಾಗೆ ಕಾಣುತ್ತೆ."

"ಬಾಶಿ ಚೋಲಾ, ಬಾಲ ನಡುಗ್ತಿದೆ."

ಅವನು ಜನರನ್ನು ನೋಡಿದ, ಛತ್ರಿಯಡಿಯ ಸದಸ್ಯರನ್ನು ನೋಡಿದ. ಹಾರಿಸಿಬಿಡೋಣ ಎಂದು ಕೈ ತುರಿಸಿತು. ಹಾಗೇ ಹಾರಿಸಿದ್ದರ ಫಲವೆಲ್ಲ ಮನೆಯಲ್ಲಿ ಹಿಟ್ಟಿನ ಚೀಲದಲ್ಲಿತ್ತು. ಅವನು ರಿಮೋಟ್ ಕೆಳಗಿಟ್ಟು, "ಹತ್ತು ನಿಮಿಷ ಕಾಯಬೇಕು," ಎಂದ.

"ನೆಲದ ಮೇಲೇ ಬಿತ್ತಪ್ಪ ಈ ಸಲ," ಎಂದು ಯಾರೋ ಕೂಗಿದರು. ನಗು ಮೈದಾನವನ್ನೆಲ್ಲ ಒಂದು ಸುತ್ತು ಹಾಕಿತು. ಅವನ ಕಿವಿ ಬಿಸಿಯಾಯಿತು, ಆದರೆ ಕೈ ನಿಲ್ಲಲಿಲ್ಲ. ವಿಮಾನದ ಹೊಟ್ಟೆಯ ಮುಚ್ಚಳ ತೆಗೆದ. ಮೈದಾನಕ್ಕೆ ತಂದ ಗಾಡಿಯ ಕುಲುಕಾಟಕ್ಕೆ ಬಾಲದ ತಂತಿಯ ಪಿನ್ ಅರ್ಧ ಕಳಚಿಕೊಂಡಿತ್ತು. ಒತ್ತಿ ಕೂರಿಸಿ ಟೇಪ್ ಸುತ್ತಿದ.

"ಮತ್ತೆ ಮೊದಲಿಂದ," ಎಂದು ಬಾನಾ ಚೋಲಾ ಓದತೊಡಗಿದಳು. ಅವನು ಮೊದಲಿಂದಲೇ ನೋಡಿದ. ಈ ಸಲ ಬಾಲ ನಡುಗಲಿಲ್ಲ.

ವಿಮಾನ ಕೆಂಪು ಮಣ್ಣಿನ ಮೇಲೆ ಓಡಿ, ಗಾಳಿಗೆ ಎದೆಯೊಡ್ಡಿ ಎದ್ದಿತು. ಎರಡು ಸುತ್ತು ಹಾಕಿತು. ಮೇಲೆ ಹೋಗಿ ಪಲ್ಟಿ ಹೊಡೆದು ಬಂದಾಗ ಬಾಯಿ ತೆರೆದವರು ಮುಚ್ಚಲಿಲ್ಲ. ಐದನೆಯ ನಿಮಿಷಕ್ಕೆ, ಬ್ಯಾಟರಿಯಲ್ಲಿ ಇನ್ನೂ ಕಸುವಿರುವಾಗಲೇ, ಅವನು ಇಳಿಸಲು ತಂದ. ಆಗ ಅಡ್ಡಗಾಳಿಯೊಂದು ನುಗ್ಗಿ ರೆಕ್ಕೆಯನ್ನು ಓರೆ ಮಾಡಿತು. ವಿಮಾನ ಬೇಲಿಯ ಕಡೆಗೆ ಜಾರಿತು. ಬಾನಾ ಮುಂಬಾ ಬೋಗುಣಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು.

ಮೂತಿ ಎತ್ತು ಎಂದಿತು ಅವನ ಹೆಬ್ಬೆರಳು. ಅವನು ಎತ್ತಲಿಲ್ಲ. ಮೋಟಾರಿಗೆ ಜೋರು ಕೊಟ್ಟ, ರೆಕ್ಕೆ ನೇರ ಮಾಡಿದ, ವೇಗ ಬಂದ ಮೇಲಷ್ಟೇ ಮೆಲ್ಲಗೆ ಮೇಲಕ್ಕೊಯ್ದ. ಇನ್ನೊಂದು ಸುತ್ತು. ಈ ಸಲ ವಿಮಾನ ಗಾಳಿಗೆ ಎದುರಾಗಿ ಮೆಟ್ಟಿಲಿಳಿಯುವಂತೆ ಇಳಿದು, ಮೈದಾನದ ನಟ್ಟನಡುವೆ ಬಂದು ನಿಂತಿತು.

ಮೊದಲು ಹೆಂಗಸರು ಕೇಕೆ ಹಾಕಿದರು. ಆಮೇಲೆ ಮೈದಾನವೇ ಹಾಕಿತು. ಬಾನಾ ಚೋಲಾ ಪೆಟ್ಟಿಗೆಯ ಮುಚ್ಚಳವನ್ನು ತಲೆಯ ಮೇಲೆತ್ತಿ ಕುಣಿದಳು. ಬಾ ಫೆಲಿಸ್ಟಸ್ ಕನ್ನಡಕ ತೆಗೆದು ಒರೆಸಿಕೊಂಡರು. ಬಾಶಿ ಚೋಲಾ ನೆಟ್ಟಗೆ ನಿಂತೇ ಇದ್ದ, ಕಣ್ಣಲ್ಲಿ ನೀರು ಬಂದದ್ದನ್ನು ಬಿಸಿಲಿನ ಮೇಲೆ ಹಾಕಲು ನೋಡಿದ.

ಸದಸ್ಯರು ಎದ್ದು ಬಂದು ಕೈ ಕುಲುಕಿದರು. "ಹಾರಿಸಿದ್ದಕ್ಕಲ್ಲ, ಮೊದಲು ಹಾರಿಸದೆ ನಿಲ್ಲಿಸಿದ್ರಲ್ಲ, ಅದಕ್ಕೆ," ಎಂದರು. ಮೈದಾನ ಉಳಿಯಿತು. ಷರತ್ತು ಎರಡೇ: ಜನ ಹಗ್ಗದ ಹಿಂದಿರಬೇಕು, ವಿಮಾನ ಅಂಗಡಿಗಳ ಮೇಲೆ ಹೋಗಬಾರದು. ಬಾನಾ ಮುಂಬಾ ಬಂದು ವಿಮಾನವನ್ನು ಬೆರಳಿಂದ ಮುಟ್ಟಿ ನೋಡಿ, "ಇಷ್ಟು ಚೆನ್ನಾಗಿ ಇಳಿಸೋಕೆ ಬರುತ್ತೆ ಅಂತ ಮೊದಲೇ ಹೇಳಬಾರದಿತ್ತಾ?" ಎಂದಳು.

ಓದುತ್ತಿರುವ ನಿಮ್ಮ ಮನೆಯಲ್ಲೂ ರಿಮೋಟ್ ವಿಮಾನ ಇರಬಹುದು, ಅಥವಾ ಹಾರಿಸುವ ನೆಂಟರೊಬ್ಬರು ಇರಬಹುದು. ಗಾಳಿ, ಟವರ್, ಗ್ರಹಚಾರ ಎಂದು ದೂರುವ ಮುಂಚೆ ನೆಲದ ಮೇಲೆ ಐದು ನಿಮಿಷ ಕೊಡಿ. ಬಹಳಷ್ಟು ವಿಮಾನಗಳು ಬೀಳುವುದು ಆಕಾಶದಲ್ಲಿ ಆದ ತಪ್ಪಿನಿಂದಲ್ಲ, ನೆಲದ ಮೇಲೆ ನೋಡದೆ ಬಿಟ್ಟದ್ದರಿಂದ. ತೂಕ, ತಂತಿ, ಬ್ಯಾಟರಿ, ಸಿಗ್ನಲ್ ನೋಡಿ. ಇನ್ನೊಬ್ಬರ ಕೈಲಿ ಗಟ್ಟಿಯಾಗಿ ಓದಿಸಿ. ಮೇಲೆ ಹೋದ ಮೇಲೆ ವೇಗ ಕಳೆದುಕೊಳ್ಳಬೇಡಿ. ಸಂಶಯ ಬಂದರೆ, ಸಾವಿರ ಜನ ನಗುತ್ತಿದ್ದರೂ, ಅವತ್ತು ಹಾರಿಸದೆ ಮನೆಗೆ ಹೋಗಿ. ಬೇಲಿಯಾಚೆ ಯಾರೋ ಕೂತಿರುತ್ತಾರೆ.