ಗೋಡೆಯ ಮೇಲಿನ ಎರಡನೇ ದಾರ

ಅಣ್ಣ ಮುನಿರಾಮಯ್ಯ ರಾಜಾಜಿನಗರದ ಹೊಸ ಬ್ಲಾಕಿನಲ್ಲಿ ಗೋಡೆ ಕಟ್ಟಲು ಹಾಕಿದ್ದ ಸಾರುವೆಯಿಂದ ಬಿದ್ದದ್ದು ಯುಗಾದಿ ಕಳೆದ ವಾರ. ತಲೆಯ ಗಾಯ ಹದಿನೈದು ದಿನದಲ್ಲಿ ಮಾಯಿತು. ಎಡಗಣ್ಣು ಮಾತ್ರ ಮೂಗಿನ ಕಡೆ ವಾಲಿ ನಿಂತಿತು. ಗೋಡೆಯ ನೇರ ನೋಡುವ ತೂಕದ ಗುಂಡಿನ ದಾರ ಎರಡಾಗಿ ಕಂಡರೆ ಗಾರೆ ಮೇಸ್ತ್ರಿ ಗೋಡೆ ಕಟ್ಟುವುದು ಹೇಗೆ? ಒಂದು ಕಣ್ಣು ಮುಚ್ಚಿಕೊಂಡರೆ ದಾರ ಒಂದೇ ಆಗುತ್ತಿತ್ತು, ಆದರೆ ಸಾರುವೆಯ ಹಲಗೆ ಎಷ್ಟು ದೂರದಲ್ಲಿದೆ ಎಂದು ಕಾಲಿಗೆ ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯ ಡಾಕ್ಟರು ಅಣ್ಣನ ಗದ್ದ ಹಿಡಿದುಕೊಂಡು ಪೆನ್ಸಿಲನ್ನು ಎಡಕ್ಕೆ ಒಯ್ದರು. ಕಣ್ಣು ನಡುವಿನವರೆಗೆ ಬಂದು ನಿಂತಿತು.

"ನರಕ್ಕೆ ಪೆಟ್ಟು. ಆರು ತಿಂಗಳು ಕಾಯಬೇಕು. ಅಷ್ಟರಲ್ಲಿ ಕಣ್ಣು ಈ ನಡುವು ದಾಟಿ ಹೊರಗೆ ಹೊರಳಿದರೆ ಆಸೆ ಇದೆ. ಇಲ್ಲದಿದ್ದರೆ ಕಷ್ಟ" ಎಂದರು.

ಬರೀ ಕಾಯುವುದು ನನಗೆ ಸಾಲಲಿಲ್ಲ. ಅಣ್ಣನ ಗಾರೆ ಕೆಲಸದಿಂದಲೇ ಬಿ.ಎಸ್‌ಸಿ. ಓದಿ ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆದವನು ನಾನು. ಮೂಡಲಪಾಳ್ಯದ ನಮ್ಮ ಮನೆಯ ಅಂಗಳದ ಗೋಡೆಗೆ ಗುಂಡು ನೇತುಹಾಕಿದೆ. ಹತ್ತು ಅಡಿ ದೂರದ ಕಲ್ಲಿನ ಮೇಲೆ ಅಣ್ಣ ಕೂತ. ದಿನವೂ ನಾನು ಗೋಡೆಗೆ ಮುಖ ಮಾಡಿ ದಾರದಿಂದ ಪಕ್ಕಕ್ಕೆ ಸೀಮೆಸುಣ್ಣ ಸರಿಸುತ್ತಾ ಹೋಗುವುದು, ಎರಡನೇ ದಾರ ಕಂಡಲ್ಲಿ ಅವನು "ನಿಲ್ಲು" ಎನ್ನುವುದು.

"ನೀನೂ ಇಬ್ರು ಕಾಣ್ತೀಯ ಕಣೋ ರಾಜು. ಇಬ್ರಲ್ಲಿ ಒಬ್ನೂ ಗಾರೆ ಕಲಸೋಕೆ ಆಗಲ್ಲ" ಎಂದು ನಕ್ಕ.

ದಾರದಿಂದ ಆ ಗುರುತಿಗೆ ಮೊದಲ ದಿನ ಮೂವತ್ತೆರಡು ಇಂಚು. ತಿಂಗಳಿಗೆ ಇಪ್ಪತ್ತಾರು. ಆಷಾಢ ಮುಗಿಯುವಾಗ ಹದಿಮೂರು. ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳು ಇಳಿಯುತ್ತಾ ಬಂದವು. ರೇಖೆಯನ್ನು ಮುಂದಕ್ಕೆಳೆದೆ. ಅದು ಆಯುಧಪೂಜೆಗೆ ನಾಲ್ಕು ದಿನ ಮೊದಲು ಸೊನ್ನೆ ಮುಟ್ಟುತ್ತಿತ್ತು.

ಶ್ರಾವಣದಲ್ಲಿ ಅಣ್ಣನಿಗೆ ಕೆಲಸ ಕೊಡುತ್ತಿದ್ದ ಕಂಟ್ರಾಕ್ಟರ್ ವೆಂಕಟರಮಣಪ್ಪ ಮನೆಗೇ ಬಂದರು. ನಾಯಂಡಹಳ್ಳಿಯ ಗೋಡೌನಿನಲ್ಲಿ ಕಾವಲಿನ ಕೆಲಸ ಖಾಲಿ ಇತ್ತು. ಅಣ್ಣ ನನ್ನ ಕಡೆ ನೋಡಿದ. ನಾನು ಹಾಳೆ ತೋರಿಸಿದೆ.

"ಬೇಡ ಸ್ವಾಮಿ. ಆಯುಧಪೂಜೇಲಿ ಕರಣೆಗೆ ಕುಂಕುಮ ಇಟ್ಟು ಸಾರುವೆ ಹತ್ತತೀನಿ. ನನ್ ತಮ್ಮ ಲೆಕ್ಕ ಹಾಕವ್ನೆ" ಎಂದ. ಆ ಕೆಲಸಕ್ಕೆ ಅಣ್ಣನ ಜೊತೆಯ ಗಾರೆಯಾಳು ಬೈರಯ್ಯ ಸೇರಿದ.

ಗೌರಿಹಬ್ಬದ ಮಾರನೆಯ ಬೆಳಿಗ್ಗೆ ಅತ್ತಿಗೆ ಪಾಪಮ್ಮ ಕಲ್ಲಿನ ಮೇಲೆ ಕೂತಿದ್ದ ಅಣ್ಣನ ಕುತ್ತಿಗೆಗೆ ಬಿಸಿ ಹರಳೆಣ್ಣೆ ತಿಕ್ಕುತ್ತಿದ್ದರು. "ಕತ್ತು ಹಿಡ್ಕೊಂಡು ಎಡಕ್ಕೇ ತಿರುಗೋಗದೆ, ನೋಡಪ್ಪ" ಎಂದು ಎರಡು ಕೈಯಲ್ಲೂ ತಲೆಯನ್ನು ನೆಟ್ಟಗೆ ಹಿಡಿದರು. ನಾನು ಆಗಲೇ ಸೀಮೆಸುಣ್ಣ ಹಿಡಿದು ಗೋಡೆಯ ಬಳಿ ನಿಂತಿದ್ದೆ. ಹಿಂದಿನ ದಿನ ಐದು ಇಂಚಿಗೆ ನಿಲ್ಲು ಎಂದಿದ್ದವನು, "ಇನ್ನೂ ಹೋಗು... ಇನ್ನೂ... ಎಲ್ಲೋಯ್ತಪ್ಪ ಇದು!" ಎಂದ.

ಮೂವತ್ತೆರಡು ಇಂಚಿಗೆ ನಿಲ್ಲು ಎಂದ.

ಡಾಕ್ಟರು ಗದ್ದ ಹಿಡಿದುಕೊಂಡಿದ್ದು ಏಕೆಂದು ಆಗ ತಿಳಿಯಿತು. ಮುಖ ಎಡಕ್ಕೆ ತಿರುಗಿದಷ್ಟೂ ಕಣ್ಣಿಗೆ ಎಡಕ್ಕೆ ಹೊರಳುವ ಕೆಲಸವೇ ಇರುವುದಿಲ್ಲ, ದಾರಗಳು ಹತ್ತಿರವಾಗುತ್ತವೆ. ಅವನಿಗೇ ಅರಿವಿಲ್ಲದೆ ದಿನದಿನಕ್ಕೂ ಸ್ವಲ್ಪ ಸ್ವಲ್ಪ ತಿರುಗಿದ್ದ. ನಾನು ನಾಲ್ಕು ತಿಂಗಳಿಗೂ ಹೆಚ್ಚು ಅವನಿಗೆ ಬೆನ್ನು ಮಾಡಿ ನಿಂತು, ಅವನ ಕುತ್ತಿಗೆಯನ್ನು ಅಳೆದಿದ್ದೆ.

ಅತ್ತಿಗೆಯನ್ನು ಸರಿಸಿ ನಾನೇ ಅವನ ಗದ್ದ ಹಿಡಿದೆ. "ಅಣ್ಣ, ನನ್ನ ಬೆರಳನ್ನೇ ನೋಡು" ಎಂದು ಎಡಕ್ಕೆ ಒಯ್ದೆ. ಕಣ್ಣು ನಡುವಿನವರೆಗೆ ಬಂದು ನಿಂತಿತು. ಮತ್ತೊಮ್ಮೆ ಒಯ್ದೆ. ನಿಂತಲ್ಲೇ ನಿಂತಿತು.

"ಅಣ್ಣ, ನನ್ನ ಲೆಕ್ಕ ತಪ್ಪು."

"ಕೈ ಬಿಡೋ, ಕತ್ತು ನೋಯ್ತದೆ."

ಬಿಟ್ಟೆ. ಮುಖ ಮೆಲ್ಲಗೆ ಎಡಕ್ಕೆ ತಿರುಗಿ ತನ್ನ ಜಾಗಕ್ಕೆ ಹೋಯಿತು.

"ಬಂತು ನೋಡು! ಐದೂ ಇಲ್ಲ ಕಣೋ, ನಾಲ್ಕೇ ಇಂಚು" ಎಂದ ಅಣ್ಣ. "ಗುರುತು ಹಾಕು."